ಬಿಳುಪು ಚಂದ ಅಲ್ಲ ಮಾರಾಯ್ರೆ

ತೋಟದ ಪೇಜಿನಲ್ಲಿ ಇದೆಂಥ ವಿಷಯ ಅಂತ ಕೇಳ್ಬೇಡಿ. ಮಂಗಳೂರಿನಲ್ಲಿರುವ ತಮ್ಮನ ಮಗ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಅದರಲ್ಲೊಂದು ಎನಿಮೋನ್. ನೋಡ್ಲಿಕ್ಕೆ ಹೂವು, ಆದರೆ ಪ್ರಾಣಿ. ಕಲ್ಲಿಗೆ ಕಚ್ಚಿಕೊಂಡು ಎಸಳಿನಂಥ ಕೈ ಆಡಿಸ್ತಾ ಇರ್ತದೆ. ತರುವಾಗ ಕಂದು ಬಣ್ಣ. ಹೊಸ ಎಲ್‌ಇಡಿ ಲೈಟು ಪೂರ್ತಿ ಜೋರಿಗೆ ಹಾಕಿದ ಮೇಲೆ ಬಿಳುಚಿಕೊಂಡು ಈಗ ಹಾಲಿನ ಹಾಗಾಗಿದೆ. ಬಂದವರೆಲ್ಲ ‘ಎಷ್ಟು ಚಂದ’ ಅಂತಾರೆ. ನನಗೆ ನೆನಪಾದದ್ದು ನೆರಳಿನಿಂದ ತಂದು ನೇರ ಬಿಸಿಲಿಗಿಟ್ಟ ಅಡಿಕೆ ಸಸಿ.

ಆ ಕಂದು ಬಣ್ಣ ಪ್ರಾಣಿಯದ್ದಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬದುಕ್ತದೆ. ಬೆಳಕಿನಲ್ಲಿ ಪಾಚಿ ಮಾಡಿದ ಆಹಾರದಲ್ಲಿ ದೊಡ್ಡ ಪಾಲು ಎನಿಮೋನಿಗೆ. ನೀರು ಬಿಸಿಯಾದ್ರೆ, ಬೆಳಕು ದಿಢೀರ್ ಏರಿದ್ರೆ ಪಾಚಿ ಮೈಬಿಟ್ಟು ಹೋಗ್ತದೆ. ಬಿಳಿ ಅಂದ್ರೆ ಊಟ ತಪ್ಪಿದೆ ಅಂತ ಅರ್ಥ.

ನನಗೆ ಸಿಟ್ಟು ಬರುವುದು ವ್ಯಾಪಾರದ ಮೇಲೆ. ಬಿಳುಚಿದ್ದನ್ನೇ ಅಪರೂಪದ್ದು ಅಂತ ಮಾರುವವರಿದ್ದಾರೆ. ಹಳದಿ, ನೇರಳೆ ಬಣ್ಣ ಕುಡಿಸಿ ಮಾರುವುದೂ ಉಂಟು. ಬಟಾಣಿಗೆ ಬಣ್ಣ ಹಾಕುವವರಿಗೂ ಇವರಿಗೂ ಎಂಥ ವ್ಯತ್ಯಾಸ?

ಹುಡುಗ ಬಾಟಲಿ ಔಷಧಿ ತರ್ಲಿಕ್ಕೆ ಹೊರಟಿದ್ದ. ನಮ್ಮದೇ ಬುದ್ಧಿ, ಎಲೆ ಹಳದಿಯಾದ ಕೂಡ್ಲೇ ಅಂಗಡಿಗೆ ಓಡುವುದು. ಬೇಡ ಅಂದೆ. ಇಬ್ಬರೂ ಕೂತು ಓದಿದೆವು. ಲೈಟು ಇಳಿಸಿ, ವಾರವಾರ ಚೂರೇ ಏರಿಸುವುದು. ನೀರು 25-26 ಡಿಗ್ರಿಯಲ್ಲಿ ನಿಲ್ಲಿಸುವುದು. ಆಗಾಗ ಸಿಗಡಿಯ ಸಣ್ಣ ಚೂರು ಕೊಡುವುದು. ಕಲ್ಲು ಬಿಡದೆ, ಕೊಟ್ಟದ್ದನ್ನು ಹಿಡಿದು ತಿನ್ನುವ ತನಕ ಆಸೆ ಉಂಟು. ಬಣ್ಣ ಮರಳ್ಲಿಕ್ಕೆ ತಿಂಗಳುಗಟ್ಟಲೆ ಬೇಕು.

ಮೊನ್ನೆ ಫೋಟೋ ಕಳಿಸಿದ್ದ. ಎಸಳುಗಳ ಬುಡದಲ್ಲಿ ಸ್ವಲ್ಪ ಕಂದು ಕಂಡ ಹಾಗಾಯ್ತು. ನನ್ನ ಕನ್ನಡಕವೋ, ಅವನ ಮೊಬೈಲೋ.