ಪುಸ್ತಕ ಮುಚ್ಚಿ ಓದೋದು ಹೇಗೆ?

"ನಾಲ್ಕು ಸಲ ಓದಿದ್ದೆ, ಆದ್ರೂ ಪರೀಕ್ಷೇಲಿ ಏನೂ ಹೊಳೀಲಿಲ್ಲ." ಜೀವಶಾಸ್ತ್ರದ ಮೊದಲ ವರ್ಷದ ಎಷ್ಟೋ ವಿದ್ಯಾರ್ಥಿಗಳು ನಮ್ಮ ಹತ್ರ ಹೀಗೆ ಹೇಳ್ತಾರೆ. ಕೆಲವರು ತಾವೇ ದಡ್ಡರು ಅಂದ್ಕೊಂಡು ವಿಷಯವನ್ನೇ ಬಿಟ್ಟುಬಿಡ್ತಾರೆ. ತೊಂದರೆ ಇರೋದು ಓದುವ ವಿಧಾನದಲ್ಲಿ ಅನ್ನೋದು ನಮ್ಮ ಅಭಿಪ್ರಾಯ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ? ಅದರಲ್ಲಿ ಉಳಿದದ್ದು ಸುಮಾರು ಶೇ. 42, ನೆನಪಿನಿಂದ ಬರೆದದ್ದರಲ್ಲಿ ಶೇ. 56.

ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗ್ತವೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಅಂದ್ಕೋತೀವಿ. ನಮ್ಮ ಮನೆಗಳಲ್ಲಿ ಅಜ್ಜ "ಮಗ್ಗಿ ಒಪ್ಪಿಸು" ಅಂತಿದ್ದರಲ್ಲ, ಅಲ್ಲೂ ನಡೀತಿದ್ದದ್ದು ಇದೇ ಅಭ್ಯಾಸ. ವಿಶ್ವವಿದ್ಯಾಲಯಗಳು ಮೊದಲ ವಾರವೇ ಇದನ್ನ ಕಲಿಸಬೇಕು. ಅಲ್ಲೀತನಕ ಕಾಯಬೇಡಿ. ಪುಸ್ತಕ ಮುಚ್ಚಿ, ಖಾಲಿ ಹಾಳೇಲಿ ನೆನಪಿರೋದನ್ನ ಬರೀರಿ, ಆಮೇಲೆ ತೆರೆದು ತಾಳೆ ನೋಡಿ. ಬಿಟ್ಟುಹೋದದ್ದನ್ನ ಮಾರನೇ ದಿನ ಮತ್ತೆ ಪ್ರಯತ್ನಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.