ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ

ಕಚೇರಿಯ ವರ್ಡ್ ಕಡತವೊಂದು ದೃಷ್ಟಿದೋಷವುಳ್ಳವರಿಗೆ ದಕ್ಕುವುದು ಸ್ಕ್ರೀನ್ ರೀಡರ್ ಮೂಲಕ, ಅಂದರೆ ಪರದೆಯ ಪಠ್ಯವನ್ನು ಧ್ವನಿಗೋ ಬ್ರೈಲ್ ಲಿಪಿಗೋ ಬದಲಿಸುವ ತಂತ್ರಾಂಶದ ಮೂಲಕ. ಉಚಿತವಾಗಿ ದೊರೆಯುವ ಎನ್‌ವಿಡಿಎ ಕನ್ನಡವನ್ನೂ ಓದಬಲ್ಲದು; ಆದರೆ ಅದು ಓದುವುದು ಅಕ್ಷರದ ಆಕಾರವನ್ನಲ್ಲ, ಅದರ ಹಿಂದಿರುವ ಸಂಕೇತವನ್ನು. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ರೋಮನ್ ಲಿಪಿಯ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುವುದರಿಂದ, ‘ಕನ್ನಡ’ ಎಂಬ ಪದದ ಮೊದಲಕ್ಷರ ಇಂಗ್ಲಿಷಿನ ‘ಪಿ’ಯಿಂದಲೂ ಎರಡನೆಯದು ಬ್ರಿಟನ್ನಿನ ಪೌಂಡ್ ಚಿಹ್ನೆಯಿಂದಲೂ ಆರಂಭವಾಗುತ್ತದೆ; ಹೀಗಾಗಿ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವ ಸುತ್ತೋಲೆ ಕಿವಿಗೆ ಬೀಳುವಾಗ ಅರ್ಥವಿಲ್ಲದ ಸದ್ದಾಗಿರುತ್ತದೆ. ಯೂನಿಕೋಡ್ ಎಂಬ ಲಿಪಿಸಂಕೇತ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳಿದ್ದು, ನುಡಿಯೂ ಈಗ ಯೂನಿಕೋಡ್ ಬರವಣಿಗೆಗೆ ಅವಕಾಶ ಕೊಟ್ಟಿರುವಾಗ, ಕಚೇರಿಗಳು ಹಳೆಯ ಫಾಂಟನ್ನು ಬಿಡದಿರುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಸಮರ್ಥನೆ ಕಾಣದು.

ಯೂನಿಕೋಡ್ ಒಂದೇ ಸಾಲದು. ಶೀರ್ಷಿಕೆಯನ್ನು ಬರೀ ದಪ್ಪಕ್ಷರ ಮಾಡದೆ ವರ್ಡ್‌ನ ‘ಹೆಡಿಂಗ್’ ಶೈಲಿಯಲ್ಲಿ ಗುರುತಿಸಿದರೆ, ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ‘ಎಚ್’ ಕೀಲಿ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗಬಹುದು. ಮುದ್ರಿಸಿ, ಮೊಹರು ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಪಠ್ಯವೇ ಅಲ್ಲ, ಬರೀ ಚಿತ್ರ.

ವಿದ್ಯುನ್ಮಾನ ಮಾಹಿತಿಯು ಅಂಗವಿಕಲರು ಬಳಸಬಲ್ಲ ರೂಪದಲ್ಲಿರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ವಿಧಿಸುತ್ತದೆ. ಆದುದರಿಂದ ಇಲಾಖೆಗಳು ಸಹಿಯುಳ್ಳ ಸ್ಕ್ಯಾನ್ ಪ್ರತಿಯ ಜೊತೆಗೆ ಯೂನಿಕೋಡ್ ಮೂಲಪ್ರತಿಯನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕು.

– ಓದುಗರೊಬ್ಬರು, ಧಾರವಾಡ