ಹೇಳದೇ ಉಳಿದದ್ದು

ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಗೆಳೆಯನ ಮೊಬೈಲು ‘ಟಿಣ್’ ಎನ್ನುತ್ತದೆ. ಮಗಳು ಕಾಲೇಜಿನ ಗೇಟು ದಾಟಿದ ಸಂದೇಶ ಅದು. ಮಧ್ಯಾಹ್ನ ಇನ್ನೊಂದು: ಫಿಸಿಕ್ಸ್ ಟೆಸ್ಟಿನಲ್ಲಿ 40ಕ್ಕೆ 27. ಸಂಜೆ ಕೋಚಿಂಗ್‌ನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರ‍್ಯಾಂಕ್ ಪಟ್ಟಿ. ಮನೆಗೆ ಬರುವ ದಾರಿಯಲ್ಲಿ ಅವಳು ಮ್ಯಾಪಿನ ಮೇಲೆ ಒಂದು ನೀಲಿ ಚುಕ್ಕೆ. “ನನ್ ಮಗಳ ವಿಷಯದಲ್ಲಿ ನಂಗೆ ಗೊತ್ತಿಲ್ಲದ್ದು ಏನೂ ಇಲ್ಲ ಕಣೋ” ಎನ್ನುತ್ತಿದ್ದ. ಅದೇ ಹುಡುಗಿ ಎರಡು ತಿಂಗಳಿಂದ ಮಧ್ಯಾಹ್ನದ ಡಬ್ಬಿಯನ್ನು ಮುಟ್ಟದೆ, ಸಂಜೆ ಬಸ್‌ಸ್ಟಾಪಿನ ನಾಯಿಗೆ ಸುರಿದು ಬರುತ್ತಿದ್ದಳು. ಅವಳ ಜೊತೆ ಓದುವ ನನ್ನ ಮಗಳು ನನಗೆ ಹೇಳಿದ್ದಳು. ಎರಡು ದಿನ ಒದ್ದಾಡಿ ಅವನಿಗೆ ತಿಳಿಸಿದೆ. ಅವನು ಮೊದಲು ಕೇಳಿದ್ದು, “ನಿಂಗ್ಯಾರು ಹೇಳಿದ್ದು?”

ಅವನನ್ನು ಬೈದು ಪ್ರಯೋಜನವಿಲ್ಲ. ಮಕ್ಕಳ ಬಗ್ಗೆ ನಮ್ಮ ತಲೆಮಾರಿನ ಅಪ್ಪ ಅಮ್ಮಂದಿರಿಗೆ ಸಿಗುವಷ್ಟು ಮಾಹಿತಿ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ನಾನು ಯಾವ ಸೆಕ್ಷನ್ನಿನಲ್ಲಿದ್ದೆ ಎಂಬುದು ನನ್ನಪ್ಪನಿಗೆ ಗೊತ್ತಿರಲಿಲ್ಲ; ಅಂಕಪಟ್ಟಿಗೆ ಸಹಿ ಹಾಕುವಾಗ ಕನ್ನಡಕ ಹುಡುಕುತ್ತಿದ್ದರು, ಅಷ್ಟೇ. ಆ ಕಾಲವೇ ಚೆಂದವಿತ್ತು ಎಂದು ಹಾಡುವವನು ನಾನಲ್ಲ. ಆಗ ಬಾಗಿಲ ಹಿಂದೆ ಬೆತ್ತವೂ ಇತ್ತು. ನನ್ನ ಪ್ರಶ್ನೆ ಬೇರೆ: ಹದಿಹರೆಯದ ಮಕ್ಕಳ ಬಗ್ಗೆ ತಿಳಿದಷ್ಟೂ ಅವರ ಬದುಕಿನ ಮೇಲೆ ನಮ್ಮ ಪ್ರಭಾವ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎಂದೇ ಮನಶ್ಶಾಸ್ತ್ರಜ್ಞರೂ ಬಹುಕಾಲ ನಂಬಿದ್ದರು. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ ಎಂದು ತಿಳಿದಿರುವ ಮನೆಗಳಲ್ಲಿ ಹುಡುಗರು ದಾರಿ ತಪ್ಪುವುದು ಕಡಿಮೆ ಎಂದು ಒಂದರ ಮೇಲೊಂದು ಅಧ್ಯಯನ ಹೇಳುತ್ತಿತ್ತು. ಹಾಗಾದರೆ ಕಣ್ಣಿಟ್ಟಿರಿ ಎಂಬುದು ಅದರಿಂದ ಹುಟ್ಟಿದ ಬುದ್ಧಿಮಾತು. 2000ದಲ್ಲಿ ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಬೇರೆಯದೇ ಪ್ರಶ್ನೆ ಎತ್ತಿದರು. ಅಪ್ಪ ಅಮ್ಮನಿಗೆ ಈ ತಿಳಿವಳಿಕೆ ಬಂದದ್ದಾದರೂ ಎಲ್ಲಿಂದ? ಹದಿನಾಲ್ಕು ವರ್ಷದ ಸುಮಾರು 700 ಮಕ್ಕಳನ್ನೂ ಅವರ ಹೆತ್ತವರನ್ನೂ ಮಾತನಾಡಿಸಿ ನೋಡಿದರೆ, ಕಾವಲು ಕಾದು ತಿಳಿದದ್ದೂ ಕೆದಕಿ ಕೇಳಿ ತಿಳಿದದ್ದೂ ಕಡಿಮೆ. ಹೆಚ್ಚಿನದು ಮಕ್ಕಳೇ ತಾವಾಗಿ ಬಂದು ಹೇಳಿದ್ದು. ಒಳ್ಳೆಯ ಹೆತ್ತವರ ಕಾವಲು ಎಂದು ನಾವು ಕರೆಯುತ್ತಿದ್ದುದು ನಿಜವಾಗಿ ಮಕ್ಕಳ ನಂಬಿಕೆಯಾಗಿತ್ತು. ಕಟ್ಟುಪಾಡುಗಳೂ ಕೆಲಸಕ್ಕೆ ಬರುತ್ತವೆ ಎಂದು ಆಮೇಲೆ ವಾದಿಸಿದವರಿದ್ದಾರೆ, ಅದೂ ಸರಿಯೇ. ಆದರೆ ಮಕ್ಕಳು ಬಾಯಿಬಿಟ್ಟು ಹೇಳುವುದರ ತೂಕವನ್ನು ಆಮೇಲೆ ಯಾರೂ ಅಲ್ಲಗಳೆದಂತಿಲ್ಲ.

ಮಕ್ಕಳು ಏಕೆ ಹೇಳುತ್ತಾರೆ, ಏಕೆ ಬಿಡುತ್ತಾರೆ? ಪ್ರೀತಿ ಸಾಲದು. ಮಕ್ಕಳನ್ನು ಪ್ರಾಣದಂತೆ ಪ್ರೀತಿಸುವ ಮನೆಗಳಲ್ಲೇ ಮೌನ ಹೆಚ್ಚಿರುವುದನ್ನು ನೋಡಿದ್ದೇನೆ. ನನಗೆ ತೋರುವಂತೆ ಹದಿನಾರರ ಮಕ್ಕಳು ಪಕ್ಕಾ ಲೆಕ್ಕಿಗರು. ಹಿಂದಿನ ಸಲ ಹೇಳಿದಾಗ ಏನಾಯಿತು ಎಂಬುದು ಅವರ ಖಾತೆಯಲ್ಲಿ ಬರೆದಿರುತ್ತದೆ. ಬಸ್ಸಿನಲ್ಲಿ ಒಬ್ಬ ಚುಡಾಯಿಸಿದ ಎಂದಳು. ಚುಡಾಯಿಸಿದವನಿಗೆ ಏನೂ ಆಗಲಿಲ್ಲ, ಇವಳ ಬಸ್ ಪಾಸು ಹೋಯಿತು. ಹಾಸ್ಟೆಲ್ ಊಟ ಸೇರುತ್ತಿಲ್ಲ ಎಂದ. “ನಾವು ಗಂಜಿ ಕುಡಿದು ಓದಿದ್ದು” ಎಂಬ ಪುರಾಣ ಶುರುವಾಯಿತು. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 590 ಬಂತು ಎಂದಳು. ಎದುರುಮನೆಯವಳಿಗೆ ಎಷ್ಟು ಬಂತು ಎಂದು ಕೇಳಿದರು. ಒಂದೊಂದು ಸಲವೂ ಹೇಳಿದವರಿಗೇ ನಷ್ಟ. ಆಮೇಲೆ “ಕಾಲೇಜು ಹೇಗಿತ್ತು?” ಎಂದರೆ “ಚೆನ್ನಾಗಿತ್ತು” ಎಂಬುದಷ್ಟೇ ಉತ್ತರ.

ಹಾಗಾದರೆ ಅವರ ಪಾಡಿಗೆ ಬಿಟ್ಟುಬಿಡಬೇಕೇ ಎಂದು ಕೇಳುವವರುಂಟು. ಖಂಡಿತ ಬೇಡ. ಹೆತ್ತವರ ಕೈ ನಿಜಕ್ಕೂ ನಡೆಯುವ ಜಾಗ ಒಂದಿದೆ, ಅಲ್ಲೇ ನಾವು ಕೈಕಟ್ಟಿ ಕೂತಿದ್ದೇವೆ. ನಿದ್ದೆಯನ್ನೇ ನೋಡಿ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಒಸರುತ್ತದೆ. ಹನ್ನೊಂದಾದರೂ ಕಣ್ಣು ಮುಚ್ಚದಿರುವುದು ಬರೀ ಉಡಾಫೆಯಲ್ಲ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ಪ್ರೌಢಶಾಲೆಗಳು ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದಿತು. ನಮ್ಮಲ್ಲಿ ಪಿಯುಸಿ ಜೊತೆಗೇ ನೀಟ್, ಜೆಇಇ, ಸಿಇಟಿ ಎಂದು ಹೆಣೆದ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸುತ್ತೇವೆ. ಕತ್ತಲಲ್ಲಿ ಹೊರಟವರು ಕತ್ತಲಲ್ಲಿ ಮರಳುತ್ತಾರೆ. ಹದಿನಾರು ತುಂಬದವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬೇಡಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಎಂಟನೆಯ ತರಗತಿಯವರಿಗೆ ‘ಫೌಂಡೇಶನ್’ ಎಂಬ ಬೋರ್ಡುಗಳು ಆಮೇಲೂ ಕೆಳಗಿಳಿದಿಲ್ಲ. ಫೀಸು ಕಟ್ಟುವವರು ನಾವು. ಮಕ್ಕಳ ಮೊಬೈಲಿನ ಪಾಸ್‌ವರ್ಡ್ ಕೇಳಲು ಇರುವ ಧೈರ್ಯ, “ಬೆಳಗಿನ ಆರು ಗಂಟೆಯ ಕ್ಲಾಸು ಬೇಡ” ಎಂದು ಆಡಳಿತ ಮಂಡಳಿಗೆ ಹೇಳಲು ನಮಗಿಲ್ಲ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ ಹಾಲಿನ ಶೆಲ್ಫಿಗೆ ಎಂದು ನಿಯಮ ಮಾಡಿ, ಬೇಡವೆನ್ನುವುದಿಲ್ಲ. ಅಪ್ಪನದೂ ಅಲ್ಲೇ ಇರಬೇಕು.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು ಎಂದುಕೊಳ್ಳಿ. ಈ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ಕಣ್ಣೀರಾಗಿ ಬರುವುದಿಲ್ಲ. ತಲೆನೋವು, ಸಿಡುಕು, ಹಾಗೇ ಉಳಿದ ಡಬ್ಬಿ. ಹಾಜರಾತಿಯ ಸಂದೇಶದಲ್ಲಿ ಇವಕ್ಕೆ ಜಾಗವಿಲ್ಲ.

ಗೆಳೆಯನ ಮಗಳು ಕೊನೆಗೆ ಬಾಯಿಬಿಟ್ಟದ್ದು ಅಪ್ಪನ ಹತ್ತಿರವಲ್ಲ. ಊರಿಂದ ಬಂದ ಅಜ್ಜಿಯ ಪಕ್ಕ ಕೂತು, ನೆನೆಹಾಕಿದ ಅವರೆಕಾಳು ಹಿದುಕುತ್ತಾ ಹೇಳಿದಳಂತೆ. ಊಟದ ಹೊತ್ತಿನಲ್ಲೇ ಉಳಿದ ಲೆಕ್ಕ ಮುಗಿಸದಿದ್ದರೆ ಕೆಳಗಿನ ಬ್ಯಾಚಿಗೆ ಹಾಕುತ್ತಾರೆಂಬ ಭಯ. ಅಪ್ಪನಿಗೇಕೆ ಹೇಳಲಿಲ್ಲ ಎಂದರೆ, “ಕೆಮಿಸ್ಟ್ರಿ ಅರ್ಥ ಆಗ್ತಿಲ್ಲ ಅಂದಿದ್ದಕ್ಕೆ ಭಾನುವಾರಾನೂ ಟ್ಯೂಷನ್ ಹಾಕಿದ್ರು ಅಜ್ಜಿ.” ಇತ್ತ ನನ್ನ ಮಗಳು, ನಂಬಿ ಹೇಳಿದ್ದನ್ನು ನಾನು ದಾಟಿಸಿದೆನೆಂದು ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಅದರಲ್ಲಿ ನ್ಯಾಯ ಯಾರ ಕಡೆಗಿದೆ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಭಾನುವಾರದ ಟ್ಯೂಷನ್ ಈಗ ನಿಂತಿದೆ. ಮಗಳು ಎಲ್ಲ ಹೇಳುತ್ತಾಳೇನೋ ಎಂದು ಮೊನ್ನೆ ಗೆಳೆಯನನ್ನು ಕೇಳಿದೆ. “ಎಲ್ಲಾ ಎಲ್ಲಿ ಹೇಳ್ತಾಳೆ! ನಿನ್ನೆ ಡಬ್ಬಿ ಚಿತ್ರಾನ್ನಕ್ಕೆ ಉಪ್ಪು ಕಮ್ಮಿ ಇತ್ತು ಅಂದ್ಲು, ಅಷ್ಟೇ” ಎಂದ.